ಕಿವಿಯಲ್ಲಿ ಹೇಳಿದ ಅಳತೆ

ಒಂದಾನೊಂದು ಕಾಲದಲ್ಲಿ, ಬಹಳ ಹಿಂದೇನಲ್ಲ, ಹೋದ ಬೇಸಿಗೆಯಲ್ಲೇ ಅನ್ನಿ, ಒಂದು ಊರಿನಲ್ಲಿ ಒಂದು ಬೀದಿಯಿತ್ತು. ಬೀದಿಯ ತಿರುವಿನಲ್ಲಿ ಒಂದು ಟೈಲರ್ ಅಂಗಡಿ, ಅಂಗಡಿಯಲ್ಲಿ ಮೂರು ಮಿಷನ್ನು, ಮೂವರು ಹೆಂಗಸರು. ಮೊದಲನೆಯವಳು ಅಜ್ಜಿ. ಅಂಗಡಿ ತೆರೆದವಳು ಅವಳೇ. ಈಗ ಕಣ್ಣು ಮಂಜಾಗಿ, ಬೆರಳಿನ ನೆನಪಿನಿಂದಲೇ ಗುಂಡಿ ಹಚ್ಚುತ್ತಾ ಕೂತವಳು. ಎರಡನೆಯವಳು ಅವಳ ಸೊಸೆ. ಕತ್ತರಿ ಈಗ ಇವಳ ಕೈಯಲ್ಲಿ, ಊರಿಗೆಲ್ಲ ಇವಳೇ ಟೈಲರಮ್ಮ. ಮೂರನೆಯವಳು ಇಪ್ಪತ್ತರ ಮೊಮ್ಮಗಳು. ಮನೆಯ ಯಜಮಾನ, ಆ ಮೊಮ್ಮಗಳ ಅಪ್ಪ, ದೂರದೂರಿಗೆ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಮಲಗಿ ಎದ್ದು ಹೋಗುತ್ತಿದ್ದ.

ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಒಂದು ಗಿಣಿಯ ಕೊರಳಲ್ಲಿ ಇರುತ್ತದಂತೆ. ಈ ಹುಡುಗಿಯ ಪ್ರಾಣ ಅಷ್ಟು ದೂರ ಹೋಗಿರಲಿಲ್ಲ. ಅಂಗಿಯೊಳಗೆ, ಸೊಂಟದ ಸುತ್ತ ಬಿಗಿದಿದ್ದ ಒಂದು ಹಳೆಯ ಅಳತೆ ಟೇಪಿನ ಗಂಟಿನಲ್ಲಿತ್ತು. ಆ ಗಂಟನ್ನು ತಾನೇ ಬಿಚ್ಚಿ, ಬಾಯಿಬಿಟ್ಟು ಹೇಳಿ, ಅಮ್ಮನ ಕೈಗೆ ಕೊಡುತ್ತೇನೆಂದು ಅವಳು ಒಬ್ಬರಿಗೆ ಮಾತು ಕೊಟ್ಟಿದ್ದಳು. ಗಡುವು ಗುರುವಾರ ಸಂಜೆ ಐದು ಗಂಟೆ.

ಅವಳನ್ನು ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅಜ್ಜಿ. ನಾಲ್ಕು ವರ್ಷದ ಮಗು ಘೇರಿನ ಲಂಗ ತೊಟ್ಟು ಟ್ರಯಲ್ ರೂಮಿನ ಕನ್ನಡಿಯೆದುರು ಗಿರಗಿರನೆ ಸುತ್ತಿ, ತಲೆ ತಿರುಗಿ, ಬಟ್ಟೆ ಚೂರುಗಳ ರಾಶಿಯ ಮೇಲೆ ಬಿದ್ದು ನಗುತ್ತಿದ್ದುದನ್ನು ನೋಡಿ ಇಟ್ಟ ಹೆಸರು. ಆಗ ಅದರಲ್ಲಿ ಮುದ್ದಲ್ಲದೆ ಬೇರೇನೂ ಇರಲಿಲ್ಲ. ಆದರೆ ಮಗುವಿನ ಜೊತೆ ಹೆಸರೂ ಬೆಳೆಯುತ್ತದೆ. ಹನ್ನೆರಡಕ್ಕೆ ಬರುವಷ್ಟರಲ್ಲಿ ಶಾಲೆಯ ಹುಡುಗಿಯರು ಬುಗುರಿಯ ಹೊಟ್ಟೆ ಎಷ್ಟು ದಪ್ಪ ಎಂಬುದನ್ನು ಕಂಡುಹಿಡಿದಿದ್ದರು.

ಅದನ್ನಾದರೂ ಅವಳು ನುಂಗಿಕೊಂಡಿದ್ದಳು. ನುಂಗಲಾರದ್ದು ಬಂದದ್ದು ಅಂಗಡಿಯ ಒಳಗಿನಿಂದಲೇ.

ಆ ಅಂಗಡಿಯಲ್ಲೊಂದು ಪದ್ಧತಿ. ಬೇರೆ ಕಡೆ ಟೈಲರು ಅಳತೆ ತೆಗೆದು ಗಟ್ಟಿಯಾಗಿ ಕೂಗುತ್ತಾನೆ, ಮೂಲೆಯಲ್ಲಿ ಕೂತವರು ಬರೆದುಕೊಳ್ಳುತ್ತಾರೆ, ಬೀದಿಯಲ್ಲಿ ಹೋಗುವವರೂ ಕೇಳಿಸಿಕೊಳ್ಳುತ್ತಾರೆ. ಇಲ್ಲಿ ಹಾಗಿಲ್ಲ. ‘ಅಂಕಿ ಬಟ್ಟೆಗೆ, ಮನುಷ್ಯರಿಗಲ್ಲ’ ಎನ್ನುವುದು ಅಜ್ಜಿಯ ಕಟ್ಟಳೆ. ಈ ಹೊಸ್ತಿಲು ದಾಟಿ ಬಂದ ಯಾವ ಹೆಂಗಸೂ ಮುಖ ಸಣ್ಣದು ಮಾಡಿಕೊಂಡು ಹೊರಗೆ ಹೋಗಬಾರದು. ಆದ್ದರಿಂದ ಅಳತೆ ತೆಗೆದವರು ಬರೆದುಕೊಳ್ಳುವವರ ಕಿವಿಯಲ್ಲಿ ಪಿಸುಗುಡಬೇಕು. ಹತ್ತನೆಯ ವಯಸ್ಸಿಗೆ ಪೆನ್ಸಿಲು ಬುಗುರಿಯ ಕೈಗೆ ಬಂತು. ಅಂದಿನಿಂದ ಊರಿನ ಅರ್ಧದಷ್ಟು ಹೆಂಗಸರ ಎದೆ, ಸೊಂಟ, ತೋಳು ಅವಳ ಎಡಗಿವಿಯಿಂದ ಒಳಹೊಕ್ಕು ಹೊರಗೆ ಬರಲಿಲ್ಲ. ಬೀದಿಯಲ್ಲಿ ಯಾರಾದರೂ ಎದುರಾದರೆ ಅವಳಿಗೆ ಮುಖಕ್ಕಿಂತ ಮೊದಲು ಅಂಕಿ ಕಾಣುತ್ತಿತ್ತು. ಅಜ್ಜಿ ಕಟ್ಟಳೆ ಮಾಡುವಾಗ ಗಿರಾಕಿಯ ಕಿವಿಯನ್ನು ನೆನೆದಿದ್ದಳು. ಬರೆಯುವ ಮಗುವಿನ ಕಿವಿ ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಎದುರು ಸಾಲಿನ ಬೇಕರಿಯಕ್ಕ ಕೋಟು ಹೊಲಿಸಲು ಬಂದಳು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು. ಅಮ್ಮ ಅಳೆದಳು, ಪಿಸುಗುಟ್ಟಿದಳು, ಬುಗುರಿ ಬರೆದಳು. ಬೇಕರಿಯಕ್ಕ ಬೀದಿ ದಾಟಿದ ಮೇಲೆ ಅಮ್ಮ ಬಾಯಿಂದ ಪಿನ್ನು ತೆಗೆದು, “ಇವಳಿಗೆ ಕೋಟು ಹೊಲಿಯೋದಕ್ಕಿಂತ ಬೇಕರಿಗೇ ಒಂದು ಪರದೆ ಹೊಲಿದುಕೊಡೋದು ಸಲೀಸು” ಎಂದಳು. ಅಜ್ಜಿ “ಸಾಕು, ಬಾಯಿ ಮುಚ್ಚು” ಎಂದು ಗದರಿದಳು. ಬುಗುರಿ ನಕ್ಕಳು. ಆಮೇಲೆ ಮೂರು ವರ್ಷ ಅವಳನ್ನು ಸುಟ್ಟಿದ್ದು ತಾನು ನಕ್ಕದ್ದೇ.

ಮರುವಾರ ಅಮ್ಮ ಬುಗುರಿಗೆ ಹೊಸ ಗೌನು ಹೊಲಿಯಲು ಅವಳನ್ನು ನಿಲ್ಲಿಸಿದಳು. ಬರೆದುಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅಮ್ಮನ ಕೈ ಅಳೆಯಿತು, ಬಾಯಿ ಅಭ್ಯಾಸಬಲದಿಂದ ಮಗಳ ಕಿವಿಗೆ ಬಂದು ಅಂಕಿ ಹೇಳಿತು. ಸೊಂಟದ್ದು ಬೇಕರಿಯಕ್ಕನದೇ ಅಂಕಿ. ಒಂದು ಗೆರೆಯೂ ಆಚೀಚೆ ಇರಲಿಲ್ಲ. ಬುಗುರಿಯೇ ಬಗ್ಗಿ ಪುಸ್ತಕದಲ್ಲಿ ಅದನ್ನು ಬರೆದಳು. ಅಮ್ಮ ಬಟ್ಟೆ ಹಾಸಿ ಸೀಮೆಸುಣ್ಣ ಹುಡುಕುವುದರಲ್ಲಿ ಮರೆತೇಬಿಟ್ಟಳು.

ಅಂದಿನಿಂದ ತಟ್ಟೆಯ ಎದುರು ಕೂತಾಗಲೆಲ್ಲ ಅವಳ ಎಡಗಿವಿ ಮಾತಾಡುತ್ತಿತ್ತು. ಮೊದಮೊದಲು ಒಂದು ತುತ್ತು ಬೇಡ ಎನ್ನುತ್ತಿತ್ತು. ಬರಬರುತ್ತಾ ತುತ್ತೇ ಬೇಡ ಎನ್ನತೊಡಗಿತು. ಸವೆದು ಮೂಲೆಗೆ ಬಿದ್ದಿದ್ದ ಒಂದು ಟೇಪನ್ನು ಅವಳು ತನ್ನದಾಗಿಸಿಕೊಂಡಳು. ಬೆಳಿಗ್ಗೆ ಎದ್ದೊಡನೆ ಬೆರಳು ತೂರಿಸಿ ನೋಡುವುದು, ಸಡಿಲವಾದ ದಿನ ಬಿಚ್ಚಿ ಇನ್ನಷ್ಟು ಒಳಗೆ ಗಂಟು ಹಾಕುವುದು. ಗಂಟು ಒಳಸರಿದ ದಿನ ಅವಳು ರಾಣಿ. ಸರಿಯದ ದಿನ ಕಸಕ್ಕಿಂತ ಕಡೆ. ಹೀಗೆ ಪಟ್ಟಕ್ಕೇರಿ ಇಳಿದು, ಏರಿ ಇಳಿದು, ಕನಸಿನಲ್ಲೂ ಮೆಟ್ಟಿಲು ಹತ್ತುವಂಥ ಆಯಾಸ ಅವಳಿಗೆ.

ಮಗಳು ಒಣಗುತ್ತಿದ್ದರೆ ತಾಯಿಗೆ ಕಾಣದೇ ಎಂದು ನೀವು ಕೇಳಬಹುದು. ಕಾಣಲಿಲ್ಲ, ಅದಕ್ಕೆ ಕಾರಣ ಅವಳ ಕಸುಬು. ಟೈಲರಮ್ಮ ಮನುಷ್ಯರನ್ನು ನೋಡುತ್ತಿದ್ದುದು ಬಟ್ಟೆಯ ಮೂಲಕ. ಕಂಕುಳಲ್ಲಿ ಸುಕ್ಕು ಬಿದ್ದರೆ ಮೈ ಇಳಿದಿದೆ, ಗುಂಡಿ ಎಳೆದರೆ ಮೈ ಬಂದಿದೆ, ಬಟ್ಟೆ ಸರಿಯಾಗಿ ಕೂತರೆ ಮೈಯೂ ಸರಿಯಾಗಿದೆ. ಇಪ್ಪತ್ತೈದು ವರ್ಷ ಈ ಕಣ್ಣು ಅವಳಿಗೆ ಮೋಸ ಮಾಡಿರಲಿಲ್ಲ. ಮೋಸ ಮಾಡುವುದನ್ನು ಅವಳೇ ಮಗಳಿಗೆ ಕಲಿಸಿದ್ದಳು, ಹೊಲಿಗೆಯ ರೂಪದಲ್ಲಿ. ಅಮ್ಮ ಬಟ್ಟೆ ಖರೀದಿಗೆ ಹೋದ ಭಾನುವಾರಗಳಂದು ಬುಗುರಿ ತನ್ನ ಅಂಗಿಗಳ ಪಕ್ಕದ ಹೊಲಿಗೆಯನ್ನು ಒಳಗೆ ಹಿಡಿಯುತ್ತಿದ್ದಳು. ಮೈ ಒಂದು ಬೆರಳು ಇಳಿದರೆ ಅಂಗಿಯೂ ಒಂದು ಬೆರಳು. ಮೂರು ವರ್ಷ ಅವಳ ಬಟ್ಟೆ ಅಚ್ಚುಕಟ್ಟಾಗಿಯೇ ಕೂತಿತ್ತು.

ಆದರೆ ರಟ್ಟಾಗದ ಗುಟ್ಟುಂಟೇ? ಒಂದು ದಿನ ದಾರದ ಅಂಗಡಿಯಲ್ಲಿ, ನೀಲಿ ದಾರಕ್ಕೂ ಕಡುನೀಲಿ ದಾರಕ್ಕೂ ಇರುವ ವ್ಯತ್ಯಾಸ ನೋಡುತ್ತಿದ್ದವಳಿಗೆ ಎರಡೂ ಕಪ್ಪಾಗಿ ಕಂಡವು. ಎಚ್ಚರವಾದಾಗ ನೆಲದ ಮೇಲಿದ್ದಳು. ಯಾರೋ ಪಕ್ಕದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಡಾಕ್ಟರು ನಾಡಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಒಂದು ಚೀಟಿ ಬರೆದು, ಔಷಧಿ ಅಂಗಡಿಯ ಮಹಡಿಯ ಮೇಲಿದ್ದ ಕೌನ್ಸೆಲರ್ ಬಳಿಗೆ ಕಳಿಸಿದರು.

ಆ ಕೋಣೆಯಲ್ಲಿ ಎರಡು ಕುರ್ಚಿ, ನೀರು ಕಾಣದೆ ಬಾಡಿದ ಒಂದು ಗಿಡ, ಮೂಲೆಯಲ್ಲಿ ಟವೆಲು ಮುಚ್ಚಿದ ತೂಕದ ಯಂತ್ರ. ಕೌನ್ಸೆಲರ್ ನರೆತ ಕೂದಲಿನ ಹೆಂಗಸು. ಕೋಟಿನ ತೋಳಿನಲ್ಲಿ ಒಂದು ಗುಂಡಿ ನೇತಾಡುತ್ತಿತ್ತು. ಬುಗುರಿಯ ಕಣ್ಣು ಮೊದಲು ಹೋದದ್ದು ಅದರ ಮೇಲೆ.

“ನಿಂಗೆ ‘ನೀನು’ ಅನ್ನಲಾ, ‘ನೀವು’ ಅನ್ನಲಾ?” ಎಂದು ಕೇಳಿದ್ದೇ ಕೌನ್ಸೆಲರ್ ಆಡಿದ ಮೊದಲ ಮಾತು.

“ನೀನು ಅನ್ನಿ ಮೇಡಂ. ‘ನೀವು’ ಅಂದ್ರೆ ಬೇರೆ ಯಾರೋ ಬಂದ ಹಾಗಾಗುತ್ತೆ.”

ಕೌನ್ಸೆಲರ್ ಅವಳನ್ನು ತೂಕದ ಯಂತ್ರದ ಮೇಲೆ, ಅಂಕಿಗೆ ಬೆನ್ನು ತಿರುಗಿಸಿ ನಿಲ್ಲಿಸಿದಳು. ಬರೆದುಕೊಂಡು ಟವೆಲು ಮುಚ್ಚಿದಳು.

“ಎಷ್ಟು?”

“ಅದು ನನ್ನ ಪುಸ್ತಕಕ್ಕೆ. ನಿಂಗಲ್ಲ.”

ಅಜ್ಜಿಯ ಮಾತೇ ಬೇರೆ ಅಂಗಿ ತೊಟ್ಟು ಎದುರು ನಿಂತಂತಾಯಿತು. ಮುಂದಿನ ಗುರುವಾರ ಬುಗುರಿ ಮತ್ತೆ ಹೋದಳು. ಮನೆಯಲ್ಲಿ ಹೇಳಿದ್ದು ಜಿಪ್ಪು ತರುತ್ತೇನೆಂದು. ಸುಳ್ಳು ನಿಜವಾಗಲೆಂದು ಪ್ರತಿ ಸಲ ಒಂದು ಡಜನ್ ಜಿಪ್ಪು ತಂದೇ ತಂದಳು. “ಇಷ್ಟೊಂದು ಜಿಪ್ಪು ಯಾರಿಗೇ? ಊರಿನ ಬಾಯಿಗೆಲ್ಲ ಹಾಕೋಣ ಅಂತಾನಾ?” ಎಂದು ಅಮ್ಮ ಡಬ್ಬಿ ತುಂಬಿಸಿಟ್ಟಳು.

ಎರಡನೆಯ ವಾರ ಟೇಪಿನ ವಿಷಯ ಹೊರಬಂತು. ಮೂರನೆಯ ವಾರ ಬೇಕರಿಯಕ್ಕನ ವಿಷಯ. ಅಷ್ಟು ಹೇಳಲು ಒಂದು ಗಂಟೆ ಹಿಡಿಯಿತು. ನಾಲ್ಕನೆಯ ವಾರ ಕೌನ್ಸೆಲರ್ ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟಳು.

“ನಿನ್ನ ಎದೆ ನಿಧಾನವಾಗಿ ಬಡೀತಿದೆ. ಇದು ಮನಸ್ಸಿನ ಮಾತಲ್ಲ, ಡಾಕ್ಟ್ರು ನಾಡಿ ಹಿಡಿದು ಬರೆದಿದ್ದು. ವಾರಕ್ಕೆ ಒಂದು ಗಂಟೆ ನಾನಿರ್ತೀನಿ. ಉಳಿದ ಹೊತ್ತು ತಟ್ಟೆ ಮುಂದೆ ನಿನ್ ಜೊತೆ ಯಾರಿರ್ತಾರೆ?”

“ನಾನೇ.”

“ನೀನೂ ಆ ಟೇಪೂ. ಅದನ್ನ ಲೆಕ್ಕಕ್ಕೆ ಹಿಡೀಬೇಕಲ್ಲ.”

ಬುಗುರಿ ಅಂಗಿಯ ಮೇಲಿಂದಲೇ ಗಂಟನ್ನು ಮುಟ್ಟಿ ನೋಡಿಕೊಂಡಳು. “ಅಮ್ಮಂಗೆ ಗೊತ್ತಾದ್ರೆ ಒಡೆದು ಹೋಗ್ತಾಳೆ ಮೇಡಂ.”

“ಅಮ್ಮಂದಿರು ಮಡಕೆ ಅಲ್ಲ ಕಣಮ್ಮ.” ಕೌನ್ಸೆಲರ್ ಮುಂದಕ್ಕೆ ಬಾಗಿದಳು. “ಒಂದೇ ಕೆಲಸ ಕೊಡ್ತೀನಿ. ಗಂಟು ನೀನೇ ಬಿಚ್ಚಬೇಕು. ಯಾಕೆ ಕಟ್ಟಿದೆ ಅಂತ ಹೇಳ್ಬೇಕು. ಅಮ್ಮನ ಕೈಗೆ ಕೊಡ್ಬೇಕು. ಬರೋ ಗುರುವಾರ ಐದು ಗಂಟೆಗೆ ಇಬ್ರೂ ಬನ್ನಿ. ನೀನೊಬ್ಳೇ ಬಂದ್ರೆ, ಅಥವಾ ಬರದೇ ಇದ್ರೆ, ನಾನು ಡಾಕ್ಟ್ರಿಗೆ ಫೋನ್ ಮಾಡ್ತೀನಿ, ಅವರು ಆಸ್ಪತ್ರೇಲಿ ಹಾಸಿಗೆ ಬರೀತಾರೆ. ಹೆದರಿಸ್ತಿಲ್ಲ. ಹಿಂದಿನಿಂದ ಮಾಡೋದಕ್ಕಿಂತ ಮುಂದೆ ಹೇಳಿ ಮಾಡ್ತಿದ್ದೀನಿ.”

“ಕೊಟ್ಟುಬಿಟ್ರೆ ವಾಸಿ ಆಗುತ್ತಾ?”

“ಇಲ್ಲ. ವಾಸಿ ಆಗೋ ಕೆಲಸ ಆಮೇಲೆ ಶುರು ಆಗುತ್ತೆ.”

ಮಾತು ತಪ್ಪಿದವರು ಅಜ್ಜಿಯ ಕತೆಗಳಲ್ಲಿ ಕಲ್ಲಾಗುತ್ತಿದ್ದರು. ಬುಗುರಿ ಕೈಯೊಡ್ಡಿ ಮಾತು ಕೊಟ್ಟಳು.

ಆ ಗುರುವಾರ ಬಂತು. ಅಂದೇ ವಾದ್ಯಮೇಳದವರ ಹನ್ನೆರಡು ಕೋಟು ಸಂಜೆಗೆ ಮುಗಿಯಬೇಕಿತ್ತು. ಬೆಳಿಗ್ಗೆ ಏಳಕ್ಕೇ ಮೂರೂ ಮಿಷನ್ನು ಗರಗರ ಎನ್ನುತ್ತಿದ್ದವು.

“ಅಮ್ಮ, ಒಂದು ಮಾತು.”

“ಎರಡಾಡು. ಕೈ ಮಾತ್ರ ನಿಲ್ಲಿಸ್ಬೇಡ.”

ಕೈ ನಿಲ್ಲಲಿಲ್ಲ, ಮಾತು ನಿಂತಿತು. ಹತ್ತು ಗಂಟೆಗೆ ಕರೆಂಟು ಹೋಗಿ ಇಸ್ತ್ರಿ ಪೆಟ್ಟಿಗೆ ತಣ್ಣಗಾದಾಗ ಇನ್ನೊಮ್ಮೆ ಬಾಯಿ ತೆರೆದಳು. ಅಷ್ಟರಲ್ಲಿ ತುತ್ತೂರಿ ಊದುವವನು ಬಂದು ತೋಳು ಉದ್ದವಾಯಿತೆಂದು ಗೊಣಗಿ ಹೋದ. ಮಧ್ಯಾಹ್ನ ಊಟಕ್ಕೆ ಕೂತಾಗ ಮೂರನೆಯ ಸಲ. ಅಮ್ಮ ತಟ್ಟೆಯನ್ನು ಕತ್ತರಿಸುವ ಮೇಜಿನ ಮೇಲೇ ಇಟ್ಟುಕೊಂಡು, ಒಂದು ಕಣ್ಣು ಕೋಟಿನ ಕಾಲರಿನ ಮೇಲಿಟ್ಟು ತಿನ್ನುತ್ತಿದ್ದಳು. ಬುಗುರಿ ತನ್ನ ತಟ್ಟೆಯಲ್ಲಿ ಒಂದು ತುತ್ತನ್ನು ನಾಲ್ಕು ಮಾಡಿದಳು, ನಾಲ್ಕನ್ನು ಎಂಟು ಮಾಡಿದಳು, ಒಂದನ್ನು ಬಾಯಿಗಿಟ್ಟುಕೊಂಡು ನುಂಗಲು ನೀರು ಕುಡಿದಳು. ಗೋಡೆಯ ಗಡಿಯಾರದಲ್ಲಿ ಒಂದೂವರೆ. ಟೇಪು ಚರ್ಮಕ್ಕೆ ಅಂಟಿಕೊಂಡಿತ್ತು. ‘ಸುಮ್ಮನಿರು, ಇನ್ನೂ ಹೊತ್ತಿದೆ’ ಎಂದು ಅದು ಹೇಳುತ್ತಿದ್ದಂತೆ ಅವಳಿಗೆ ಕೇಳಿಸುತ್ತಿತ್ತು.

ಮೂರೂವರೆಗೆ ಬಾಗಿಲಲ್ಲಿ ನೆರಳು ಬಿತ್ತು. ಬಂದವಳು ಬೇಕರಿಯಕ್ಕ, ಕೈಯಲ್ಲಿ ಬಿಸಿ ಬನ್ನಿನ ಪೊಟ್ಟಣ.

“ಟೈಲರಮ್ಮ, ಹಳೇ ಕೋಟು ನನ್ ಕೈ ಬಿಡ್ತು ಕಣ್ರೀ. ಗುಂಡಿಗೂ ಕಾಜಕ್ಕೂ ಮುಖ ಕೊಟ್ಟು ಮಾತಿಲ್ಲ. ಹೊಸದು ಹೊಲಿದುಕೊಡಿ.”

“ಬನ್ನಿ ಅಕ್ಕ, ನಿಲ್ಲಿ. ಬುಗುರಿ, ಪುಸ್ತಕ ತಗೋ.”

ಬುಗುರಿ ಪೆನ್ಸಿಲು ಹಿಡಿದಳು. ಅಮ್ಮ ಅಳೆದು ಅವಳ ಕಿವಿಗೆ ಬಾಗಿದಳು. ಬಿಸಿ ಉಸಿರು, ಸೀಮೆಸುಣ್ಣದ ವಾಸನೆ, ಅಂಕಿ. ಬುಗುರಿ ಬರೆದಳು. ಅಂಕಿಯ ಬಾಲ ಕೆಳಗಿನ ಗೆರೆಗೆ ಇಳಿಯಿತು.

“ಗಟ್ಟಿಯಾಗೇ ಹೇಳಿ ಮಾರಾಯ್ತಿ,” ಬೇಕರಿಯಕ್ಕ ನಕ್ಕಳು. “ನೀವು ಪಿಸಪಿಸ ಅಂದ್ರೇನೇ ನಂಗೆ ಭಯ. ಡಾಕ್ಟ್ರು ನರ್ಸ್ ಹತ್ರ ಗುಟ್ಟು ಹೇಳಿದ ಹಾಗಿರುತ್ತೆ, ಇವಳು ಇನ್ನೆಷ್ಟು ದಿನ ಅಂತ.”

“ಅಂಗಡಿ ಕಟ್ಟಳೆ ಅಕ್ಕ, ಮುರಿಯೋ ಹಾಗಿಲ್ಲ.”

“ನನ್ ಮೈ ನಂಗೆ ಗೊತ್ತಿಲ್ವಾ? ಮೂವತ್ತು ವರ್ಷ ಹಿಟ್ಟಿನ ಮೂಟೆ ಹೊತ್ತಿದೆ ಇದು.” ಅವಳು ಪೊಟ್ಟಣ ಬಿಚ್ಚಿ ಒಂದು ಬನ್ನನ್ನು ಬುಗುರಿಯ ಮುಂದೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು. “ಏನೇ ಹುಡುಗಿ, ಉಫ್ ಅಂದ್ರೆ ಹಾರಿ ಹೋಗೋ ಹಾಗಿದ್ದೀಯಲ್ಲ. ಹುಷಾರಿಲ್ವಾ?”

ಬುಗುರಿ ಉತ್ತರಿಸುವ ಮೊದಲೇ ಅಮ್ಮ ನಕ್ಕುಬಿಟ್ಟಳು. “ಇವಳಾ? ಮೂರು ವರ್ಷದಿಂದ ಹೀಗೇ ಇದ್ದಾಳೆ ಅಕ್ಕ, ಒಂದು ದಾರದಷ್ಟೂ ಬದಲಾಗಿಲ್ಲ. ನೋಡಿ, ಅಂಗಿ ಎಷ್ಟು ಚೆನ್ನಾಗಿ ಕೂತಿದೆ.”

ಬೇಕರಿಯಕ್ಕ ಅಂಗಿಯನ್ನು ನೋಡಿದಳು, ಅಂಗಿಯ ಮೇಲಿನ ಮುಖವನ್ನು ನೋಡಿದಳು. “ಅಂಗಿ ಚೆನ್ನಾಗೇ ಇದೆ ಟೈಲರಮ್ಮ. ನಾನು ಕೇಳಿದ್ದು ಹುಡುಗಿ ವಿಷ್ಯ” ಎಂದಳು. ಬನ್ನನ್ನು ಪುಸ್ತಕದ ಪಕ್ಕ ಇಟ್ಟು ಹೊರಟುಹೋದಳು.

ಅಂಗಡಿಯಲ್ಲಿ ಮಿಷನ್ನಿನ ಸದ್ದಿರಲಿಲ್ಲ. ಅಜ್ಜಿಯ ಬೆರಳಲ್ಲಿ ಸೂಜಿ ನಿಂತಿತ್ತು. ಅಮ್ಮನಿಗೆ ಆ ಮೌನ ಸೇರಲಿಲ್ಲ. ಸೇರದ್ದನ್ನು ಅವಳು ಯಾವಾಗಲೂ ತಮಾಷೆಯಿಂದಲೇ ತಳ್ಳುತ್ತಿದ್ದವಳು.

“ಕೇಳಿದ್ಯಾ? ತಾನು ಆನೆ ಹಾಗಿದ್ರೆ ಊರೆಲ್ಲ ಇರುವೆ ಹಾಗೆ ಕಾಣುತ್ತಂತೆ. ಹೋದ ಸಲ ಪರದೆ ಅಂದಿದ್ದೆ, ಈ ಸಲ ಬೇಕರಿಗೆ ಚಪ್ಪರವೇ…”

“ಅಮ್ಮ, ಅದು ಬೇಡ.”

ಪೆನ್ಸಿಲಿನ ಮೊನೆ ಮುರಿದು ಪುಸ್ತಕದ ಮೇಲೆ ಉರುಳಿತು.

“ತಮಾಷೆಗಂದೆ ಕಣೇ.”

“ಅವತ್ತೂ ತಮಾಷೆಗೇ ಅಂದಿದ್ದೆ. ಮಾರನೇ ವಾರ ನನ್ನ ಅಳೆದೆ. ನಂದೂ ಅವರದೂ ಒಂದೇ ಇತ್ತು. ನೀನೇ ಕಿವೀಲಿ ಹೇಳ್ದೆ.”

“ಯಾವತ್ತು? ಏನು ಒಂದೇ?” ಅಮ್ಮನಿಗೆ ನಿಜವಾಗಿಯೂ ನೆನಪಿರಲಿಲ್ಲ. ಹುಬ್ಬು ಗಂಟಿಕ್ಕಿ ಮಗಳ ಕಡೆ ತಿರುಗಿದವಳು ತಿರುಗಿದಂತೆಯೇ ನಿಂತಳು. ಬೆಳಕು ಕಿಟಕಿಯಿಂದ ಬುಗುರಿಯ ಭುಜದ ಮೇಲೆ ಓರೆಯಾಗಿ ಬೀಳುತ್ತಿತ್ತು. ಪಕ್ಕದ ಹೊಲಿಗೆಯನ್ನು ಎಷ್ಟು ಬೇಕಾದರೂ ಒಳಗೆ ಹಿಡಿಯಬಹುದು, ಭುಜವನ್ನು ಹಿಡಿಯುವುದು ಕಷ್ಟ. ಅಂಗಿಯ ಭುಜದ ಹೊಲಿಗೆ ಮೂಳೆಯ ಮೇಲಿರಬೇಕಾದದ್ದು ಎರಡು ಬೆರಳು ಕೆಳಗೆ, ತೋಳಿನ ಮೇಲೆ ಜಾರಿತ್ತು.

“ಇದೇನೇ ಇದು,” ಅಮ್ಮನ ದನಿ ಬದಲಾಗಿತ್ತು. ಕೊರಳಲ್ಲಿದ್ದ ಟೇಪನ್ನು ಎಳೆದುಕೊಂಡು ಎರಡು ಹೆಜ್ಜೆ ಬಂದಳು. “ನಿಲ್ಲು. ಅಳೀತೀನಿ.”

“ಬೇಡ.”

“ಎರಡು ನಿಮಿಷ…”

“ಮುಟ್ಟಬೇಡ ಅಂದೆನಲ್ಲ.”

ಬುಗುರಿ ಹಿಂದೆ ಹಿಂದೆ ಸರಿದು ಟ್ರಯಲ್ ರೂಮು ಹೊಕ್ಕು ಚಿಲಕ ಹಾಕಿಕೊಂಡಳು.

ಒಳಗೆ ಮೂರು ಕಡೆ ಕನ್ನಡಿ, ಮೂರು ಬುಗುರಿ. ನಾಲ್ಕು ವರ್ಷದವಳು ಇಲ್ಲೇ ಸುತ್ತಿದ್ದಳು. ಈಗ ಮೂವರಲ್ಲಿ ಒಬ್ಬಳನ್ನೂ ನೋಡಲಾಗದೆ ಅವಳು ನೆಲ ನೋಡುತ್ತಾ ಕೂತಳು. ಎದೆ ಬಡಿದುಕೊಳ್ಳಬೇಕಾಗಿತ್ತು. ಬದಲಿಗೆ ನಿಧಾನವಾಗಿ, ಸುಸ್ತಾದವರು ಮೆಟ್ಟಿಲು ಹತ್ತುವಂತೆ, ಒಂದು… ಆಮೇಲೆ ಇನ್ನೊಂದು. ಅದೇ ಅವಳನ್ನು ಹೆದರಿಸಿತು.

ಹೊರಗೆ ಅಮ್ಮ ಬಾಗಿಲು ಬಡಿದಳು. “ಬುಗುರಿ, ತೆಗಿ. ತೆಗೀತೀಯೋ ಇಲ್ವೋ?”

“ಬಡೀಬೇಡ,” ಅಜ್ಜಿಯ ದನಿ. “ಹೊರಗಿನಿಂದ ಬಡಿದಷ್ಟೂ ಒಳಗಿನ ಚಿಲಕ ಬಿಗಿಯಾಗುತ್ತೆ.”

“ಅತ್ತೆ, ಅವಳ ಭುಜ ನೋಡಿದ್ರಾ ನೀವು? ನಿಮ್ಗೆ ಹೇಗೆ ಕಾಣುತ್ತೆ… ನಾನೇ ನೋಡಿಲ್ವಲ್ಲ. ದಿನಾ ಎದುರಿಗೇ ಇಟ್ಕೊಂಡು ನೋಡಿಲ್ವಲ್ಲ.”

“ಸರಿ ಅತ್ಲಾಗೆ. ಆ ಸ್ಟೂಲು ಎಳೆದು ಕೊಡು.”

ಸ್ಟೂಲು ನೆಲ ಕೆರೆದ ಸದ್ದಾಯಿತು. ಬಾಗಿಲಿನಾಚೆ ಯಾರೋ ಮೊಣಕಾಲು ಹಿಡಿದುಕೊಂಡು ಕೂತ ಸದ್ದು. ಬಾಗಿಲ ಮೇಲಿನ ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಒಳಗಿದ್ದವಳಿಗೆ ಮುಳ್ಳು ಕಾಣದು, ಸದ್ದು ಮಾತ್ರ.

“ಒಂದೂರಲ್ಲಿ ಒಬ್ಬ ರಾಕ್ಷಸ,” ಎಂದು ಅಜ್ಜಿ ಶುರುಮಾಡಿದಳು. “ಅವನ ಪ್ರಾಣ ಏಳು ಸಮುದ್ರದಾಚೆ ಗಿಣಿ ಒಳಗಿತ್ತು.”

ಹೂಂ ಅನ್ನುವವರಿಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ. ಅದು ಆ ಮನೆಯ ಇನ್ನೊಂದು ಕಟ್ಟಳೆ. ಅಜ್ಜಿ ಕಾದಳು. ಒಳಗಿಂದ ಸದ್ದಿಲ್ಲ.

“ಮಂತ್ರಿ ಹುಡುಕಿದ, ಸಿಕ್ಕಲಿಲ್ಲ. ಸೈನ್ಯ ಹುಡುಕ್ತು, ಸಿಕ್ಕಲಿಲ್ಲ. ಕೊನೆಗೆ ರಾಕ್ಷಸನೇ ಬಾಯಿ ಬಿಟ್ಟು ಹೇಳ್ದ, ಇಂಥಾ ಕಡೆ ಇದೆ ಅಂತ. ಚಿಕ್ಕವಳಿದ್ದಾಗ ನೀನು ಕೇಳ್ತಿದ್ದೆ, ಯಾಕಜ್ಜಿ ಹೇಳ್ದ, ಅವ್ನು ದಡ್ಡನಾ ಅಂತ. ನಾನು ಹೂಂ ದಡ್ಡ ಅಂತಿದ್ದೆ. ನಂಗೂ ಆಗ ಗೊತ್ತಿರ್ಲಿಲ್ಲ.”

ಟಿಕ್ ಟಿಕ್.

“ದಡ್ಡ ಅಲ್ಲ ಕಣೇ. ಸಾಕಾಗಿತ್ತು ಅವನಿಗೆ. ಪ್ರಾಣ ಒಂದ್ಕಡೆ, ಮೈ ಒಂದ್ಕಡೆ ಇಟ್ಕೊಂಡು ಎಷ್ಟು ದಿನ ಓಡಾಡ್ತಾನೆ?”

ಬಾಗಿಲಿನಾಚೆ ಅಮ್ಮ ಮೂಗು ಒರೆಸಿಕೊಂಡದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ, ಒಳಗಿನಿಂದ, ಇದೆಯೋ ಇಲ್ಲವೋ ಎಂಬಷ್ಟು ಸಣ್ಣಗೆ:

“ಹೂಂ.”

ಬುಗುರಿ ಅಂಗಿ ಎತ್ತಿದಳು. ಟೇಪು ಎಷ್ಟು ಬಿಗಿಯಿದ್ದರೂ ಉಸಿರು ಬಿಟ್ಟು ಕೆಳಗೆ ಜಾರಿಸಿದರೆ ಮೂಳೆಗಳನ್ನು ದಾಟಿ ಬರುತ್ತಿತ್ತು. ಬಂತು. ಅದಿದ್ದ ಜಾಗದಲ್ಲಿ ಕೆಂಪು ಗೆರೆಯೊಂದು ಉಳಿಯಿತು. ಗಂಟು ಬೆವರು ಕುಡಿದು ಕಲ್ಲಾಗಿತ್ತು. ಉಗುರಿಗೆ ಜಗ್ಗಲಿಲ್ಲ. ಅವಳು ಬಳೆಯಂತೆ ಗುಂಡಗಿದ್ದ ಅದನ್ನು ಹಿಡಿದುಕೊಂಡೇ ಚಿಲಕ ತೆಗೆದಳು.

ಅಮ್ಮನ ಕಣ್ಣು ನೇರ ಅದರ ಮೇಲೆ ಹೋಯಿತು. ಟೈಲರಮ್ಮನ ಕಣ್ಣು, ಅಳೆಯದೇ ಅಳತೆ ಹೇಳುವ ಕಣ್ಣು.

“ಇದು ಯಾವ ಮಗುವಿನ ಸೊಂಟ?” ಎಂದಳು. “ಶಾಲೆ ಯೂನಿಫಾರಂದಾ?”

“ನಂದು.”

ಅಮ್ಮನ ತುಟಿ ಅಲುಗಿತು. ಅಭ್ಯಾಸಬಲದಿಂದಲೇ ಇರಬೇಕು, ಅವಳು ಮಗಳ ಎಡಗಿವಿಯ ಹತ್ತಿರಕ್ಕೆ ಬಾಗಿದಳು. ಬಿಸಿ ಉಸಿರು ತಾಗಿತು, ಅಂಕಿ ಬರಲಿಲ್ಲ.  ಇದ್ದಕ್ಕಿದ್ದಂತೆ ತಿರುಗಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿಗೆ ಕೈ ಹಾಕಿದಳು.

“ಕೊಡಿಲ್ಲಿ ಆ ದರಿದ್ರವನ್ನ. ಚೂರು ಚೂರು ಮಾಡ್ತೀನಿ.”

“ಬೇಡ ಅಮ್ಮ.” ಬುಗುರಿ ಟೇಪನ್ನು ಎದೆಗೆ ಅವುಚಿಕೊಂಡಳು. ಆ ಕ್ಷಣ ಅದನ್ನು ಕಾಪಾಡಲೋ ಬಿಡಲೋ ಎಂಬುದು ಅವಳಿಗೇ ತಿಳಿಯಲಿಲ್ಲ. “ಕತ್ತರಿಸಿದ್ರೆ ಅದು ನೀನು ಮಾಡಿದ ಹಾಗಾಗುತ್ತೆ. ನಾನು ಮಾಡ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

“ಯಾರಿಗೆ?”

“ಔಷಧಿ ಅಂಗಡಿ ಮೇಲಿರೋ ಕೌನ್ಸೆಲರ್‌ಗೆ. ಗುರುವಾರ ಗುರುವಾರ ನಾನು ಹೋಗ್ತಿದ್ದಿದ್ದು ಜಿಪ್ಪಿಗಲ್ಲ.”

ಅಮ್ಮ ಕತ್ತರಿ ಹಿಡಿದೇ ಗೋಡೆಯ ಹಲಗೆಯತ್ತ ನೋಡಿದಳು. ಅಲ್ಲಿ ಜಿಪ್ಪಿನ ಡಬ್ಬಿ ಮುಚ್ಚಳ ಹಿಡಿಯದಷ್ಟು ತುಂಬಿ ಕೂತಿತ್ತು.

“ಕಟ್ಟಿದವಳೇ ಬಿಚ್ಚಲಿ,” ಎಂದಳು ಅಜ್ಜಿ. “ಕತ್ತರಿ ಕೆಳಗಿಡು. ಮೊಂಡು ಸೂಜಿ ಕೊಡು ಅವಳಿಗೆ.”

ಅಮ್ಮ ಕತ್ತರಿ ಇಟ್ಟಳು. ಸೂಜಿ ಹುಡುಕುವಾಗ ಅವಳ ಕೈಯಿಂದ ಪಿನ್ನಿನ ಡಬ್ಬಿ ಬಿದ್ದು ನೆಲವೆಲ್ಲ ಪಿನ್ನಾಯಿತು, ಯಾರೂ ಬಗ್ಗಿ ಆರಿಸಲಿಲ್ಲ. ಬುಗುರಿ ಮೇಜಿನ ಮೇಲೆ ಟೇಪನ್ನಿಟ್ಟು ಗಂಟಿಗೆ ಸೂಜಿ ಚುಚ್ಚಿದಳು. ಗಡಿಯಾರದಲ್ಲಿ ಐದಕ್ಕೆ ಇಪ್ಪತ್ತು ನಿಮಿಷ. ಬೀದಿಯಲ್ಲಿ ಯಾರೋ ಬಂದು “ಕೋಟು ಆಯ್ತಾ?” ಎಂದು ಕೂಗಿದರು. ಅಮ್ಮ ತಿರುಗಿ ನೋಡದೆ “ನಾಳೆ” ಎಂದಳು. ಅಮ್ಮ ಕತ್ತರಿ ಹಿಡಿದ ಇಪ್ಪತ್ತೈದು ವರ್ಷದಲ್ಲಿ ಆ ಅಂಗಡಿ ಗಡುವು ತಪ್ಪಿದ್ದು ಅದೇ ಮೊದಲು.

ಸೂಜಿ ಒಮ್ಮೆ ಜಾರಿ ಬೆರಳಿಗೆ ತಾಗಿತು.  ಗಂಟಿನ ಒಂದು ಎಳೆ ಸಡಿಲವಾಯಿತು, ಮತ್ತೆ ಬಿಗಿಯಿತು. ‘ಇವತ್ತು ಬಿಚ್ಚಿದರೆ ನಾಳೆ ನೀನು ಏನು?’ ಎಂದು ಎಡಗಿವಿ ಕೇಳಿತು.  ಸೂಜಿ ಒತ್ತುತ್ತಾ, ತಲೆಯೆತ್ತದೆ, ಅವಳು ಹೇಳತೊಡಗಿದಳು. ಬೇಕರಿಯಕ್ಕನ ಹಿಂದೆ ತಾನು ನಕ್ಕದ್ದು. ಮರುವಾರ ಅದೇ ಅಂಕಿ ತನ್ನ ಕಿವಿಗೆ ಬಿದ್ದದ್ದು. ಭಾನುವಾರದ ಹೊಲಿಗೆ. ದಾರದ ಅಂಗಡಿಯ ನೆಲ. ನಿಧಾನವಾದ ಎದೆ.

ಅಮ್ಮ ಕೈ ಚಾಚಿ ಮಗಳ ಅಂಗಿಯ ಪಕ್ಕದ ಅಂಚನ್ನು ಮಗುಚಿ ನೋಡಿದಳು. ಒಂದರ ಪಕ್ಕ ಒಂದು, ಒಂದೇ ಸಮನೆ, ಆರು ಸಾಲು ಹೊಲಿಗೆ. ಅಷ್ಟು ನೇರವಾಗಿ ಹೊಲಿಯುವುದನ್ನು ತಾನೇ ಕಲಿಸಿದ್ದು. ಬೆರಳನ್ನು ಆ ಸಾಲುಗಳ ಮೇಲೆ ಒಮ್ಮೆ ಎಳೆದು ಬಿಟ್ಟಳು.

“ಆ ಅಂಕಿ ನಿನ್ ಕಿವೀಲಿ ಹೇಳಿದ್ದು ನಂಗೆ ನೆನಪೇ ಇಲ್ಲ ಮಗಳೇ,” ಎಂದಳು. “ನೆನಪಿಲ್ದೇ ಇರೋದಕ್ಕೆ ಏನ್ ಮಾಡ್ಲಿ ಹೇಳು.”

“ಏನೂ ಮಾಡ್ಬೇಡ. ಐದು ಗಂಟೆಗೆ ನನ್ ಜೊತೆ ಬಾ.”

“ಅಲ್ಲಿ ನನ್ನ ಬೈತಾರಾ?”

“ಇಲ್ಲ. ಅವರ ಕೋಟಿನ ತೋಳಲ್ಲಿ ಒಂದು ಗುಂಡಿ ಬೀಳೋ ಹಾಗಿದೆ. ನೀನು ಅದನ್ನೇ ನೋಡ್ತಾ ಕೂತಿರ್ತೀಯ.”

ಅಜ್ಜಿ ತನ್ನ ಮಡಿಲಿನ ಡಬ್ಬಿಯಲ್ಲಿ ಕೈಯಾಡಿಸಿ ಗುಂಡಿ ಹುಡುಕತೊಡಗಿದಳು. “ಯಾವ ಬಣ್ಣ?”

“ಬೂದು.”

ಎರಡನೆಯ ಎಳೆ ಬಿಟ್ಟಿತು. ಆಮೇಲೆ ಗಂಟು ಇನ್ನೇನೂ ಜಗಳ ಮಾಡಲಿಲ್ಲ, ಸುರುಳಿ ಸುರುಳಿಯಾಗಿ ತಾನೇ ಬಿಚ್ಚಿಕೊಂಡಿತು. ಟೇಪಿನ ಮೇಲೆ ಅದಿದ್ದ ಕಡೆಯಲ್ಲೆಲ್ಲ ಮಡಿಕೆಗಳು, ಅಂಕಿಗಳು ಅಳಿಸಿ ಮಸುಕಾಗಿದ್ದವು. ಬುಗುರಿ ಅದನ್ನು ಅಂಗೈಯಿಂದ ಒಮ್ಮೆ ನೀವಿದಳು. ಸೊಂಟದ ಸುತ್ತ ತಣ್ಣಗೆ, ಬೋಳಾಗಿ, ಯಾರೋ ಬಾಗಿಲು ತೆರೆದಿಟ್ಟು ಹೋದಂತೆ ಅನ್ನಿಸುತ್ತಿತ್ತು. ಐದಕ್ಕೆ ಹತ್ತು ನಿಮಿಷವಿತ್ತು.

“ತಗೋ ಅಮ್ಮ,” ಎಂದು ಅವಳು ಟೇಪನ್ನು ಸುರುಳಿ ಸುತ್ತದೆ, ಇದ್ದಂತೆಯೇ, ಅಮ್ಮನ ಕೈಯಲ್ಲಿಟ್ಟಳು.